ಬಂಧನವೆಂಬ ಅತಿಚಾರ

ಗೃಹಸ್ಥನ ಅಹಿಂಸಾಣುವ್ರತಕ್ಕೆ ಉಮಾಸ್ವಾಮಿ ಆಚಾರ್ಯರು ಐದು ಅತಿಚಾರಗಳನ್ನು ಹೇಳಿದ್ದಾರೆ. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ತಾಳಲಾರದಷ್ಟು ಹೊರೆ ಹೊರಿಸುವುದು, ಅನ್ನನೀರನ್ನು ತಡೆಹಿಡಿಯುವುದು. ಇವು ದನಕರುಗಳಿಗೆ ಸಂಬಂಧಪಟ್ಟ ಮಾತೆಂದು ತಿಳಿಯುವ ಶ್ರಾವಕರೇ ಹೆಚ್ಚು. ಹಟ್ಟಿಯಲ್ಲಿ ಹಸುವಿಲ್ಲದವನಿಗೆ ಈ ಸೂತ್ರದಿಂದ ಭಯವಿಲ್ಲವೆಂಬಂತೆ ದಶಲಕ್ಷಣ ಪರ್ವದ ಏಳನೆಯ ದಿನ ಏಳನೆಯ ಅಧ್ಯಾಯದ ವಾಚನವನ್ನು ಕೇಳಿ, ಕೈಮುಗಿದು, ಮನೆಗೆ ನಡೆಯುವುದು ರೂಢಿ. ಬಜಪೆಯ ಒಬ್ಬ ಜಿನಸು ವರ್ತಕರೂ ಮೂವತ್ತು ವರ್ಷ ಹಾಗೆಯೇ ನಡೆದು ಬಂದವರು.

ಅವರ ಅಂಗಡಿಯಲ್ಲಿ ಬಾಗಲಕೋಟೆ ಕಡೆಯ ಹತ್ತೊಂಬತ್ತು ವರ್ಷದ ಹುಡುಗನೊಬ್ಬ ಕೆಲಸಕ್ಕಿದ್ದ. ಗೋಣಿ ಇಳಿಸುವುದು, ಪೊಟ್ಟಣ ಕಟ್ಟುವುದು, ಸಾಯಂಕಾಲ ಸಣ್ಣ ಅಂಗಡಿಗಳಿಂದ ಉದ್ರಿ ಹಣ ವಸೂಲು ಮಾಡಿ ತರುವುದು ಅವನ ಕೆಲಸ. ಅಂಕಿಗಳನ್ನು ಚೆನ್ನಾಗಿ ಬಲ್ಲವನು, ಅಕ್ಷರ ಮಾತ್ರ ಅಷ್ಟಕ್ಕಷ್ಟೆ. ತಿಂಗಳ ಸಂಬಳ 8,000 ರೂಪಾಯಿ. ಅದರಲ್ಲಿ 5,000 ಊರಿನಲ್ಲಿದ್ದ ತಾಯಿಯ ಖಾತೆಗೆ, 1,000 ಕೈಖರ್ಚಿಗೆ. ಉಳಿದ 2,000ವನ್ನು ವರ್ತಕರು ತಮ್ಮಲ್ಲೇ ಠೇವಣಿಯಾಗಿ ಇಟ್ಟುಕೊಳ್ಳುತ್ತಿದ್ದರು. ಹೊರಗಿನಿಂದ ಬಂದ ಹುಡುಗರು ಹೇಳದೆ ಕೇಳದೆ ಓಡಿಹೋಗಬಾರದೆಂದು ಪೇಟೆಯಲ್ಲಿ ಅನೇಕರು ಮಾಡುವ ಕ್ರಮ ಅದು. ಯಾರೂ ಅದನ್ನು ತಪ್ಪೆಂದು ಎಣಿಸಿರಲಿಲ್ಲ.

2019ರ ಜೂನ್ ತಿಂಗಳಲ್ಲಿ ದಿನವಹಿಯನ್ನೂ ವಸೂಲಿ ಚೀಟಿಗಳನ್ನೂ ತಾಳೆ ನೋಡುವಾಗ ಕೈಶಿಲ್ಕಿನಲ್ಲಿ 11,400 ರೂಪಾಯಿ ಕಡಿಮೆ ಬಂತು. ಹುಡುಗನ ಹಾಸಿಗೆಯಡಿ ಹೊಸ ಮೊಬೈಲು ಸಿಕ್ಕಿತು. ತಾಯಿಯ ಚಿಕಿತ್ಸೆ, ತಂಗಿಯ ಮದುವೆ ಮುಂತಾದ ಕಾರಣಗಳೇನೂ ಇರಲಿಲ್ಲ. ಆಸೆಯಾಯಿತು, ಕೊಂಡ. ವಿಚಾರಿಸುವಷ್ಟರಲ್ಲಿ ಊರಿನ ಬಸ್ಸು ಹಿಡಿಯಲು ಹೊರಟುಬಿಟ್ಟಿದ್ದನಾದ್ದರಿಂದ ದೂರು ಕೊಟ್ಟದ್ದಾಯಿತು. ಮಾಲೀಕನ ಸೊತ್ತನ್ನು ನೌಕರನೇ ಕದ್ದನೆಂದು ಭಾರತೀಯ ದಂಡ ಸಂಹಿತೆಯ 381ನೆಯ ಕಲಮಿನಡಿ ಮೊಕದ್ದಮೆಯಾಯಿತು. ಹುಡುಗ ಕೊಡಿಯಾಲಬೈಲಿನ ಜಿಲ್ಲಾ ಕಾರಾಗೃಹಕ್ಕೆ ಹೋದ. ಎರಡು ವಾರದಲ್ಲಿ ಜಾಮೀನೂ ಮಂಜೂರಾಯಿತು. ಆದರೆ ಪಹಣಿಯನ್ನೋ ಮನೆ ತೆರಿಗೆಯ ರಶೀದಿಯನ್ನೋ ಹಿಡಿದು ಅವನ ಪರವಾಗಿ ನಿಲ್ಲುವವರು ಈ ಜಿಲ್ಲೆಯಲ್ಲಿ ಯಾರೂ ಇರಲಿಲ್ಲ. ಬಾಗಿಲು ತೆರೆದಿತ್ತು, ದಾಟಿಸುವವರಿರಲಿಲ್ಲ.

ಇದು ಆ ಒಬ್ಬ ಹುಡುಗನ ಕಥೆಯಲ್ಲ. 2022ರ ಕೊನೆಗೆ ದೇಶದ ಸೆರೆಮನೆಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು ಎಂದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಲೆಕ್ಕ ಹೇಳುತ್ತದೆ. ನಾಲ್ವರಲ್ಲಿ ಮೂವರಿಗೆ ಶಿಕ್ಷೆಯೇ ವಿಧಿಸಿಲ್ಲ. ಜಾಮೀನು ಸಿಕ್ಕಿದ ಮೇಲೂ ಏಳು ದಿನದೊಳಗೆ ಹೊರಬಾರದವರ ಸುದ್ದಿಯನ್ನು ಕಾರಾಗೃಹದ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ ಆದೇಶಿಸಿದ್ದು 2023ರಲ್ಲಿ. ಬಡ ವಿಚಾರಣಾಧೀನರ ಜಾಮೀನಿಗೆ 40,000 ರೂಪಾಯಿಯವರೆಗೆ ನೆರವು ಕೊಡುವ ಕೇಂದ್ರದ ಯೋಜನೆ ಬಂದದ್ದೂ ಅದೇ ವರ್ಷ. 2019ರ ಮಳೆಗಾಲದಲ್ಲಿ ಇವೆರಡೂ ಇರಲಿಲ್ಲ.

ಜುಲೈ ತಿಂಗಳಲ್ಲಿ ಒಂದು ಕಾಗದ ಬಂತು. ಮುದ್ದಾದ ಅಕ್ಷರ, ಮೇಲೆ ಕಾರಾಗೃಹದ ಮುದ್ರೆ. 'ಮಹಾಶಯರ ಪಾದಾರವಿಂದಗಳಲ್ಲಿ' ಎಂದು ಆರಂಭವಾಗಿ ನ್ಯಾಯಾಲಯದ ಅರ್ಜಿಯ ಧಾಟಿಯಲ್ಲಿ ಸಾಗುವ ಕಾಗದ. ಯಾರೋ ಬರೆದುಕೊಟ್ಟದ್ದೆಂದು ನೋಡಿದೊಡನೆ ತಿಳಿಯುತ್ತಿತ್ತು. ವರ್ತಕರು ಅರ್ಧ ಓದಿ, ಬಿಲ್ಲುಗಳನ್ನು ಚುಚ್ಚಿಡುವ ತಂತಿಗೆ ಅದನ್ನೂ ಚುಚ್ಚಿದರು.

ಇತ್ತ ಭಾನುವಾರಗಳಂದು ಹುಡುಗನ ತಾಯಿಯ ಫೋನು ಅಂಗಡಿಗೆ ಬರತೊಡಗಿತು. ವರ್ತಕರ ಪತ್ನಿ ಎತ್ತುತ್ತಿದ್ದರು. "ವಸೂಲಿಗೆ ಹೋಗಿದ್ದಾನಮ್ಮ" ಎಂದರು ಒಂದು ವಾರ. ಮುಂದಿನ ವಾರವೂ ಅದೇ. ಮೂರನೆಯ ವಾರ ಫೋನನ್ನು ಗಂಡನ ಮುಂದಿಟ್ಟು, "ಪ್ರತಿ ಭಾನುವಾರ ಸುಳ್ಳು ಹೇಳುವುದು ನನ್ನಿಂದಾಗದು. ಇನ್ನು ನೀವೇ ಹೇಳಿ" ಎಂದು ಒಳಗೆ ಹೋದರು.

ಎರಡನೆಯ ಕಾಗದ ಬಂದದ್ದು ಭಾದ್ರಪದ ಮಾಸದಲ್ಲಿ, ದಶಲಕ್ಷಣ ಪರ್ವದ ನಡುವೆ. ಅಂಚೆಕಾರ್ಡು. ಅಕ್ಷರಗಳು ಒಂದೊಂದೂ ಒಂದೊಂದು ಗಾತ್ರ. ಒತ್ತಕ್ಷರಗಳು ಕೆಲವು ಕಡೆ ತಪ್ಪಿ ಪಕ್ಕದಲ್ಲಿ ಬಿದ್ದಿದ್ದವು. ಒಳಗೆ ಒಬ್ಬ ಕೈದಿ ಕಾಗುಣಿತ ಕಲಿಸುತ್ತಿದ್ದನಂತೆ. ಕ್ಷಮೆಯ ಬೇಡಿಕೆ ಅದರಲ್ಲಿರಲಿಲ್ಲ. ಇದ್ದದ್ದು ನಾಲ್ಕು ಸಾಲು: 'ಸಾಹುಕಾರ್ರ, ಇದು ನಾನ ಬರದದ್ದು. ಅವ್ವಗ ಎರಡ ತಿಂಗಳಿಂದ ರೊಕ್ಕ ಹೋಗಿಲ್ಲ. ನನ್ನ ಠೇವಣಿ ಒಳಗಿಂದ ಕಳಸ್ರಿ. ನಾ ಇಲ್ಲಿ ಅದೀನಿ ಅಂತ ಹೇಳಬ್ಯಾಡ್ರಿ.'

ಠೇವಣಿ ಎಂಬ ಪದ ಕಂಡು ವರ್ತಕರು ಖಾತೆ ಪುಸ್ತಕ ತೆಗೆದರು. ಹುಡುಗನ ಹೆಸರಿನ ಪುಟದಲ್ಲಿ ಒಂಬತ್ತು ತಿಂಗಳ ಜಮೆ, ಒಟ್ಟು 18,000. ದೂರಿನಲ್ಲಿ ಬರೆಸಿದ್ದು 11,400. ಯಾವ ದಿನ ಅವನನ್ನು ಕಳ್ಳನೆಂದು ಹಿಡಿದುಕೊಟ್ಟರೋ ಆ ದಿನವೂ ಅಂಗಡಿಯೇ ಅವನಿಗೆ ಸಾಲಗಾರನಾಗಿತ್ತು. ಕಾಮರ್ಸು ಓದಿದವರಿಗೆ ಜಮೆ-ಖರ್ಚಿನ ಈ ಪಾಠವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಎರಡೂವರೆ ತಿಂಗಳು ಆ ಪುಟ ತೆರೆದಿರಲಿಲ್ಲ. ಠೇವಣಿಯಿತ್ತೆಂಬ ಕಾರಣಕ್ಕೆ ಕಳವು ಕಳವಲ್ಲವೆಂದಾಗುವುದಿಲ್ಲ, ಕೇಳದೆ ತೆಗೆದದ್ದು ಅದತ್ತಾದಾನವೇ ಸರಿ. ಆದರೆ ದುಡಿದವನ ಕೂಲಿಯನ್ನು ಹಿಡಿದಿಟ್ಟದ್ದಕ್ಕೆ ಏನು ಹೆಸರು?

ಮರುದಿನ ಬಸದಿಯಲ್ಲಿ ಏಳನೆಯ ಅಧ್ಯಾಯದ ವಾಚನ. ಆ ಐದು ಅತಿಚಾರಗಳಲ್ಲಿ ಮೊದಲನೆಯದು ಕಟ್ಟಿಹಾಕುವುದು, ಕೊನೆಯದು ಅನ್ನನೀರನ್ನು ತಡೆಯುವುದು. ವರ್ತಕರು ಆ ವರ್ಷ ಎರಡೂ ತುದಿಯಲ್ಲಿ ತಮ್ಮನ್ನೇ ಕಂಡರು. ಆಶ್ರಿತರಿಗೆ ಸಲ್ಲಬೇಕಾದದ್ದನ್ನು ತಡೆಯುವುದೂ ಅನ್ನಪಾನನಿರೋಧವೇ ಎಂದು ಪಂಡಿತರು ವಿವರಿಸುತ್ತಿದ್ದಾಗ, ಇಳಕಲ್ಲಿನ ಆಚೆ ಎಲ್ಲೋ ಒಂದು ಒಲೆ ಎರಡು ತಿಂಗಳಿಂದ ಹೇಗೆ ಉರಿಯಿತೆಂಬುದು ಅವರಿಗೆ ತಿಳಿದಿರಲಿಲ್ಲ. ಸಂಜೆ ಮನೆಗೆ ಬಂದು ತಾಯಿಯ ಖಾತೆಗೆ 10,000 ಕಳುಹಿಸಿದರು.

ಸೆರೆಮನೆಯಿಂದ ಹೊರಟ ಕಾಗದಗಳಿಗೆ ಈ ದೇಶದಲ್ಲಿ ದೊಡ್ಡ ಚರಿತ್ರೆಯೇ ಇದೆ. ತಿಹಾರಿನಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಸುನಿಲ್ ಬಾತ್ರಾ ಎಂಬಾತ ತನಗಾಗಿ ಅಲ್ಲ, ಹಿಂಸೆಗೊಳಗಾದ ಇನ್ನೊಬ್ಬ ಕೈದಿಗಾಗಿ ಬರೆದ ಪತ್ರವನ್ನೇ ರಿಟ್ ಅರ್ಜಿಯೆಂದು ಎಣಿಸಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು 1979ರಲ್ಲಿ ತೀರ್ಪು ಕೊಟ್ಟರು. ಕೃಷ್ಣ ಅಯ್ಯರ್ ತಲಶ್ಶೇರಿಯಲ್ಲಿ ವಕೀಲರಾಗಿದ್ದವರು. 1948ರಲ್ಲಿ ಸ್ವತಃ ಸೆರೆವಾಸ ಕಂಡವರು, 1957ರ ಕೇರಳ ಸರಕಾರದಲ್ಲಿ ಕಾರಾಗೃಹ ಖಾತೆಯನ್ನೂ ನೋಡಿಕೊಂಡವರು. ಕಂಬಿಯ ಎರಡೂ ಬದಿ ಬಲ್ಲ ನ್ಯಾಯಾಧೀಶರು ಅಪರೂಪ. ಕರ್ನಾಟಕದ ಮಟ್ಟಿಗೆ ಇನ್ನೂ ಹತ್ತಿರದ ಉದಾಹರಣೆಯಿದೆ. 1984ರಲ್ಲಿ ಬೆಂಗಳೂರಿನ ಕೇಂದ್ರ ಕಾರಾಗೃಹದ ಕೈದಿಯೊಬ್ಬ ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಗಳಿಗೆ ಬರೆದ ಕಾಗದದಿಂದ 'ರಾಮಮೂರ್ತಿ ವಿರುದ್ಧ ಕರ್ನಾಟಕ ರಾಜ್ಯ' ಎಂಬ ಮೊಕದ್ದಮೆ ಹುಟ್ಟಿತು. 1996ರ ಡಿಸೆಂಬರಿನಲ್ಲಿ ಬಂದ ಅದರ ತೀರ್ಪು ದೇಶದ ಸೆರೆಮನೆಗಳ ಒಂಬತ್ತು ಸಮಸ್ಯೆಗಳನ್ನು ಗುರುತಿಸಿತು. ನೆರೆದ ಜನಸಂದಣಿ, ವಿಚಾರಣೆಯ ವಿಳಂಬ, ಹಿಂಸೆ, ಆರೋಗ್ಯದ ಅಲಕ್ಷ್ಯ ಇವುಗಳ ಸಾಲಿನಲ್ಲಿಯೇ ಹೊರಗಿನವರೊಡನೆ ಸಂಪರ್ಕದ ಕೊರತೆಯನ್ನೂ ಭೇಟಿಯ ವ್ಯವಸ್ಥೆಯನ್ನೂ ಬೇರೆ ಬೇರೆಯಾಗಿ ಎಣಿಸಿತು. ಅನ್ನ, ಔಷಧಗಳಷ್ಟೇ ಮಾತೂ ಮನುಷ್ಯನಿಗೆ ಬೇಕೆಂದು ನ್ಯಾಯಾಲಯ ಒಪ್ಪಿತೆಂದೇ ಅದರ ಅರ್ಥ.

ಬಜಪೆಯವರಿಗೆ ಇದನ್ನು ವಿವರಿಸಬೇಕಾದ ಅಗತ್ಯವೂ ಇಲ್ಲ. ಮನೆಗೊಬ್ಬರು ಗಲ್ಫಿನಲ್ಲೋ ಮುಂಬಯಿಯಲ್ಲೋ ಇದ್ದ ಕಾಲದಲ್ಲಿ ಅಂಚೆಯಣ್ಣನ ದಾರಿ ಕಾಯುವುದೆಂದರೇನೆಂದು ಇಲ್ಲಿನ ಹಿರಿಯ ಹೆಂಗಸರನ್ನು ಕೇಳಿದರೆ ಸಾಕು. ಕಾಗದ ಬಾರದಿದ್ದರೆ ಮನುಷ್ಯ ಇಲ್ಲವಾದಂತೆ.

ಸೆರೆಮನೆಯೊಳಗೆ ಕಳ್ಳತನದಿಂದ ಮೊಬೈಲು ಸೇರುವುದು, ಅದರಿಂದ ಹೊರಗಿನವರನ್ನು ಬೆದರಿಸುವುದು ಸುಳ್ಳಲ್ಲ, ಅದನ್ನು ತಡೆಯಲೇಬೇಕು. 2025ರಲ್ಲಿ ಕೊಡಿಯಾಲಬೈಲಿನಲ್ಲಿ ಅದಕ್ಕಾಗಿ ಜಾಮರ್ ಹಾಕಿದಾಗ ಸುತ್ತಲಿನ ವಕೀಲರಿಗೂ ಅಂಗಡಿಯವರಿಗೂ ಫೋನು ಸಿಗದೆ ದೊಡ್ಡ ಗಲಾಟೆಯಾಯಿತು. ಗೋಡೆಯೊಳಗಿನ ಮೌನ ಗೋಡೆಯಾಚೆಗೂ ತಗಲಿದಾಗ ಅದು ಎಷ್ಟು ಅಸಹನೀಯವೆಂದು ನಗರಕ್ಕೆ ತಿಳಿಯಿತು. ಕದ್ದ ಫೋನನ್ನು ಮುಚ್ಚುವುದರ ಜೊತೆಗೆ ಹಕ್ಕಿನ ಫೋನು, ಹಕ್ಕಿನ ಕಾಗದ, ಹಕ್ಕಿನ ಭೇಟಿ ತೆರೆದಿರಬೇಕೆಂಬುದಷ್ಟೇ ಮಾತು.

ಪರ್ವ ಮುಗಿಯಿತು. ಕ್ಷಮಾವಣಿಯಂದು ಬಂಧುಗಳಿಗೂ ವ್ಯಾಪಾರದವರಿಗೂ ವರ್ತಕರು ಕಾರ್ಡು ಬರೆಯುವುದು ವಾಡಿಕೆ. ಪ್ರತಿ ವರ್ಷ ಎಂಬತ್ತು ಕಾರ್ಡು, ತಲಾ ಐವತ್ತು ಪೈಸೆ. ಯಾರೊಡನೆ ಜಗಳವೇ ಆಗಿಲ್ಲವೋ ಅವರೆಲ್ಲರಲ್ಲೂ ಕ್ಷಮೆ ಕೇಳುವ ಈ ಪದ್ಧತಿ ಬಹಳ ಸುಲಭದ್ದು. ಆ ವರ್ಷ ಕಾರ್ಡುಗಳನ್ನು ಮೇಜಿನ ಮೇಲೆ ಬಿಟ್ಟು, ಕಾವೂರು ಮಾರ್ಗವಾಗಿ ಸ್ಟೇಟ್‌ಬ್ಯಾಂಕಿಗೆ ಹೋಗುವ ಬಸ್ಸು ಹತ್ತಿದರು. ಗುರುತಿನ ಚೀಟಿ ತೋರಿಸಿ, ಹೆಸರು ಬರೆಸಿ, ಸರದಿಯಲ್ಲಿ ಕಾದು, ಜಾಲರಿಯ ಮುಂದೆ ನಿಂತರು. ಪಕ್ಕದಲ್ಲಿ ಒಂದು ಮಗು ಜಾಲರಿಯ ಕಂಡಿಯಲ್ಲಿ ಬೆರಳು ತೂರಿಸಿ ಆಡುತ್ತಿತ್ತು.

"ಊಟ ಆಯಿತಾ?" ಎಂದರು ವರ್ತಕರು. ಬೇರೆ ಏನೂ ತೋಚಲಿಲ್ಲ.

"ಆತ್ರಿ."

"ಅಮ್ಮನಿಗೆ ಹಣ ಕಳುಹಿಸಿದ್ದೇನೆ. ನಿನ್ನ ಠೇವಣಿ ನಾನು ಇಟ್ಟುಕೊಳ್ಳಬಾರದಿತ್ತು. ಅದು ನನ್ನ ತಪ್ಪು."

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಸಾಹುಕಾರ್ರ, ನೀವು ಬರಸಿದ್ದು ಹನ್ನೊಂದು ಸಾವಿರದ ನಾಕ್ನೂರು. ನಾ ತಗೊಂಡಿದ್ದು ಹನ್ನೆರಡು ಸಾವಿರದ ಒಂಬೈನೂರು. ಒಂದು ಚೀಟಿ ನಿಮಗ ಸಿಕ್ಕಿಲ್ಲ" ಎಂದ.

ವಿಚಾರಣೆಯಲ್ಲಿ ಹೊರಬಾರದ 1,500 ರೂಪಾಯಿ ಅಲ್ಲಿ ಹೊರಬಂತು. ವಡ್ಡಾರಾಧನೆಯ ವಿದ್ಯುಚ್ಚೋರನ ಕಥೆ ಬಲ್ಲವರಿಗೆ ಇದು ಹೊಸದಲ್ಲ. ಮೂವತ್ತೆರಡು ಬಗೆಯ ದಂಡನೆಗೂ ಬಾಯಿಬಿಡದವನು ಅರಸನು ಅಭಯ ಕೊಟ್ಟಾಗ ತಾನೇ ಕಳ್ಳನೆಂದು ಒಪ್ಪಿದ. ಅವನೇ ಮುಂದೆ ಋಷಿಯಾದ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಹೇಳಿದ ಒಂಬತ್ತು ಪ್ರಾಯಶ್ಚಿತ್ತಗಳಲ್ಲಿ ಮೊದಲನೆಯದು ಆಲೋಚನೆ, ಎಂದರೆ ಮಾಡಿದ ದೋಷವನ್ನು ಮುಚ್ಚಿಡದೆ ಹೇಳಿಕೊಳ್ಳುವುದು. ಸಂಘದಿಂದ ದೂರವಿಡುವ ಪರಿಹಾರವೆಂಬುದು ಬರುವುದು ಎಂಟನೆಯದಾಗಿ. ಅದರ ಮುಂದೆಯೂ ಮತ್ತೆ ಸೇರಿಸಿಕೊಳ್ಳುವ ಉಪಸ್ಥಾಪನೆಯಿದೆ. ಅದು ಮುನಿಗಳಿಗೆ ಹೇಳಿದ ಕ್ರಮ, ನಿಜ. ಆದರೆ ಗೃಹಸ್ಥನು ದೂರ ತಳ್ಳುವುದರಿಂದಲೇ ಆರಂಭಿಸುತ್ತಾನೆ. ಹೇಳಿಕೊಳ್ಳಲು ಮಾತ್ರ ಕಿವಿ ಕೊಡುವುದಿಲ್ಲ.

ದೇಶದ ಕಾನೂನೂ ತಳ್ಳುವುದನ್ನೇ ಮೊದಲು ಹೇಳಿಲ್ಲ ಎಂಬುದನ್ನು ವರ್ತಕರು ಅನಂತರ ವಕೀಲರಿಂದ ತಿಳಿದರು. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯಿದೆಯ 3ನೆಯ ಕಲಮು, ಹಿಂದೆ ಶಿಕ್ಷೆಯಾಗಿರದವನು ಕಳವು ಮಾಡಿದ್ದರೆ, ನೌಕರನ ಕಳವಾದ 381ನ್ನೂ ಹೆಸರಿಸಿ, ಬುದ್ಧಿ ಹೇಳಿ ಬಿಡಬಹುದೆನ್ನುತ್ತದೆ. 4ನೆಯ ಕಲಮಿನಂತೆ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು, ಬೇಕಾದರೆ ಪರಿವೀಕ್ಷಣಾಧಿಕಾರಿಯ ಕಣ್ಣಳತೆಯಲ್ಲಿ, ಮೂರು ವರ್ಷದವರೆಗೆ ಹೊರಗಿಡಬಹುದು. ಇಪ್ಪತ್ತೊಂದು ತುಂಬದವನಾದರೆ ಅಧಿಕಾರಿಯ ವರದಿ ತರಿಸಿ ನೋಡಬೇಕು. ಸೆರೆಗೆ ಕಳುಹಿಸುವುದಾದರೆ ಕಾರಣವನ್ನು ಬರೆದಿಡಬೇಕು. ಇದರಡಿ ಬಿಟ್ಟವನಿಗೆ ಅಪರಾಧಿಯೆಂಬ ಅನರ್ಹತೆ ಅಂಟಿಕೊಳ್ಳಬಾರದೆಂದೂ ಕಾಯಿದೆ ಹೇಳುತ್ತದೆ. ಅರವತ್ತು ವರ್ಷಕ್ಕೂ ಮೀರಿದ ಈ ಕಾಯಿದೆಯ ಹೆಸರನ್ನು ಬಜಪೆ ಪೇಟೆಯಲ್ಲಿ ಎಷ್ಟು ಮಂದಿ ಕೇಳಿದ್ದಾರು? ಇನ್ನೊಂದು ದಾರಿಯಂತೂ ವರ್ತಕರ ಕೈಯಲ್ಲೇ ಇತ್ತು: ಇಂಥ ಕಳವಿನಲ್ಲಿ ಸೊತ್ತಿನ ಒಡೆಯನು ನ್ಯಾಯಾಲಯದ ಅನುಮತಿ ಪಡೆದು ರಾಜಿ ಮಾಡಿಕೊಳ್ಳಬಹುದು.

ಹಾಗೆಯೇ ಆಯಿತು. ನೆರೆಯಂಗಡಿಯವರೊಬ್ಬರು ಜಾಮೀನು ನಿಂತರು. ಮುಂದಿನ ತಾರೀಖಿಗೆ ರಾಜಿ ಅರ್ಜಿಗೆ ಅನುಮತಿ ಸಿಕ್ಕಿತು. ಖಾತೆಯಲ್ಲಿ 18,000 ಜಮೆ, 12,900 ಖರ್ಚು, 5,100 ಬಾಕಿ ಎಂದು ಬರೆದು ಹುಡುಗನ ಸಹಿ ಹಾಕಿಸಿದರು. ತಾಯಿಗೆ ಕಳುಹಿಸಿದ 10,000ವನ್ನು ಆ ಪುಟಕ್ಕೆ ಹಿಡಿಯಲಿಲ್ಲ. ಹೆಬ್ಬೆಟ್ಟಲ್ಲ, ಸಹಿ, ಮೂರು ಅಕ್ಷರ ಬರೆಯಲು ಅವನು ತುಂಬ ಹೊತ್ತು ತೆಗೆದುಕೊಂಡ. ಮತ್ತೆ ಕೆಲಸಕ್ಕೆ ಬರುವೆಯಾ ಎಂದದ್ದಕ್ಕೆ ಬೇಡವೆಂದ. ಊರಿಗೆ ಹೋಗಿ, ಅನಂತರ ಹುಬ್ಬಳ್ಳಿಯ ಗೋದಾಮೊಂದಕ್ಕೆ ಸೇರಿದನಂತೆ. ಎರಡು ವರ್ಷ ಭಾದ್ರಪದದಲ್ಲಿ ಅವನ ಕಾರ್ಡು ಬಂತು, ಮತ್ತೆ ಬರಲಿಲ್ಲ.

ಆ ಹುಡುಗ ಒಳಗೆ ಅಕ್ಷರ ಕಲಿತದ್ದು ಒಬ್ಬ ಸಹಕೈದಿಯ ದಯೆಯಿಂದ. ಅನಂತರದ ವರ್ಷಗಳಲ್ಲಿ ಲೋಕ ಶಿಕ್ಷಣ ಇಲಾಖೆ 'ಕಲಿಕೆಯಿಂದ ಬದಲಾವಣೆ' ಎಂಬ ಹೆಸರಿನಲ್ಲಿ ರಾಜ್ಯದ ಕಾರಾಗೃಹಗಳಲ್ಲಿ ಅನಕ್ಷರಸ್ಥ ಬಂಧಿಗಳಿಗೆ ಓದುಬರಹ ಕಲಿಸುವ ಕೆಲಸಕ್ಕೆ ಕೈಹಾಕಿತು. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ ದೇಶದ ಅನೇಕ ಸೆರೆಮನೆಗಳಲ್ಲಿ ಅಧ್ಯಯನ ಕೇಂದ್ರಗಳನ್ನು ನಡೆಸುತ್ತಿದೆ. ಹುಲಗಪ್ಪ ಕಟ್ಟೀಮನಿಯವರು ಕೈದಿಗಳಿಂದಲೇ ನಾಟಕ ಆಡಿಸಿ, ಬಳ್ಳಾರಿ, ಮೈಸೂರುಗಳ ಸೆರೆಮನೆಯವರನ್ನು ಹೊರಗಿನ ರಂಗಮಂದಿರಕ್ಕೆ ತಂದು ನಿಲ್ಲಿಸಿದ್ದನ್ನು ಕನ್ನಡನಾಡು ನೋಡಿದೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ದಾನ ನಾಲ್ಕು ವಿಧ. ಮೊದಲೆರಡರಲ್ಲಿ ಬಸದಿಗಳ ಟ್ರಸ್ಟುಗಳು ಹಿಂದೆ ಬಿದ್ದಿಲ್ಲ. ಅಭಯದಾನವೆಂದರೆ ಕಟುಕನಿಂದ ಆಡು ಬಿಡಿಸುವುದೆಂದು ಮಾತ್ರ ಉಳಿದಿದೆ. ಶಾಸ್ತ್ರದಾನವೆಂದರೆ ದಪ್ಪ ರಟ್ಟಿನ ಪುಸ್ತಕ ಮುದ್ರಿಸಿ, ಈಗಾಗಲೇ ಅದನ್ನು ಹೊಂದಿರುವವರಿಗೇ ಹಂಚುವುದು. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿದ್ದು ಪುಸ್ತಕ ಇಲ್ಲದವರ ಕಾಲದಲ್ಲಿ. ಇಂದು ಒಂದು ಕಾಗುಣಿತದ ಪುಸ್ತಕ, ಒಂದು ಸ್ಲೇಟು, ಹತ್ತು ಅಂಚೆಕಾರ್ಡು ಶಾಸ್ತ್ರದಾನವಾಗಲಾರವೇ?

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಶಿಕ್ಷೆಗಳ ಪಟ್ಟಿಗೆ ಸಮುದಾಯ ಸೇವೆಯನ್ನು ಸೇರಿಸಿದೆ. 5,000 ರೂಪಾಯಿಗಿಂತ ಕಡಿಮೆ ಬೆಲೆಯ ಸೊತ್ತನ್ನು ಮೊದಲ ಬಾರಿಗೆ ಕದ್ದು ಶಿಕ್ಷೆಗೊಳಗಾದವನು ಅದನ್ನು ಹಿಂತಿರುಗಿಸಿದರೆ ಅವನಿಗೆ ಸೆರೆಯಿಲ್ಲ, ಸೇವೆ. ನೌಕರನ ಕಳವು ಬೇರೆ ಕಲಮಿಗೆ ಸೇರುವುದರಿಂದ ಆ ಹುಡುಗನಿಗೆ ಇಂದೂ ಇದು ದಕ್ಕುತ್ತಿರಲಿಲ್ಲ; ದಕ್ಕಬೇಕಿತ್ತೆಂದು ವಾದಿಸಲು ಕಾರಣಗಳಿವೆ. ಸಮಾಜಕ್ಕೆ ಉಪಯೋಗವಾಗುವ, ಕೂಲಿಯಿಲ್ಲದ ಕೆಲಸ ಎಂದಷ್ಟೇ ನಾಗರಿಕ ಸುರಕ್ಷಾ ಸಂಹಿತೆ ವಿವರಿಸಿದೆ. ಎಲ್ಲಿ ಮಾಡಬೇಕು, ಯಾರ ಅಂಗಳದಲ್ಲಿ ಎಂಬುದು ಅದರಲ್ಲಿಲ್ಲ.

2025ರಲ್ಲಿ ವರ್ತಕರು ತಾವು ಸದಸ್ಯರಾಗಿರುವ ಟ್ರಸ್ಟಿನ ಸಭೆಯಲ್ಲಿ ಒಂದು ವಿಷಯ ಮಂಡಿಸಿದರು. ಬಸದಿಯ ತೋಟ, ಗೋಶಾಲೆ, ಗ್ರಂಥಾಲಯಗಳಲ್ಲಿ ಇಂಥ ಸೇವೆಗೆ ಇಬ್ಬರಿಗೆ ಅವಕಾಶ ಕೊಡುತ್ತೇವೆಂದು ನ್ಯಾಯಾಲಯಕ್ಕೂ ಪರಿವೀಕ್ಷಣಾಧಿಕಾರಿಗೂ ಪತ್ರ ಬರೆಯೋಣ, ಸೇವೆ ಮಾಡುವವನಿಗೆ ಮಧ್ಯಾಹ್ನದ ಊಟ ಟ್ರಸ್ಟಿನಿಂದ ಕೊಡೋಣ ಎಂದರು. ಹುಂಡಿಯ ಗತಿಯೇನೆಂದು ಒಬ್ಬರು ಕೇಳಿದರು. ಪಂಚಲೋಹದ ಬಿಂಬಗಳಿರುವ ಕಡೆ ಕಳ್ಳನನ್ನು ಬಿಡುವುದೇ ಎಂದು ಇನ್ನೊಬ್ಬರು. ಬಿಂಬ ಕಳವಿನ ನೋವು ಕಂಡ ಬಸದಿಗಳು ಈ ಜಿಲ್ಲೆಯಲ್ಲಿ ಇರುವುದರಿಂದ ಆ ಮಾತನ್ನು ಸುಮ್ಮನೆ ತಳ್ಳಿಹಾಕುವಂತೆಯೂ ಇರಲಿಲ್ಲ. ಗರ್ಭಗುಡಿಯ ಬೀಗ ಪುರೋಹಿತರಲ್ಲಿರುತ್ತದೆ, ತೋಟಕ್ಕೆ ಬೀಗವೇ ಇಲ್ಲ ಎಂದರು ವರ್ತಕರು. ಹಿರಿಯರೊಬ್ಬರು ಬಹಳ ಹೊತ್ತು ಸುಮ್ಮನಿದ್ದು, "ನಿಮ್ಮ ಅಂಗಡಿಯಲ್ಲಿ ಈಗ ಎಷ್ಟು ಹುಡುಗರಿದ್ದಾರೆ?" ಎಂದು ಕೇಳಿದರು.

"ನಾಲ್ವರು."

"ಠೇವಣಿ ಎಷ್ಟು ಹಿಡಿಯುತ್ತೀರಿ?"

"ಈಗ ಹಿಡಿಯುವುದಿಲ್ಲ."

ಸಭೆಯಲ್ಲಿದ್ದವರಲ್ಲಿ ಅಂಗಡಿಯಿದ್ದವರು ಏಳು ಮಂದಿ. ಯಾರೂ ಮುಂದೆ ಮಾತಾಡಲಿಲ್ಲ. ವಿಷಯವನ್ನು ಮುಂದಿನ ಸಭೆಗೆ ಇಡಲಾಯಿತೆಂದು ನಡವಳಿ ಪುಸ್ತಕದಲ್ಲಿ ಬರೆದಿದೆ.